ಸೀರೀಸ್, ಆರಂಕಿ, ಕೊನೆಯ ನಾಲ್ಕು: ಓದುಗರ ಲಾಟರಿ ಪ್ರಶ್ನೆಗಳು

ಕರ್ನಾಟಕದಲ್ಲಿ 2007ರಿಂದ ಲಾಟರಿ ಇಲ್ಲ. ಆದರೂ ಈ ಸಲ ಬಂದ ಪತ್ರಗಳಲ್ಲಿ ಲಾಟರಿಯದ್ದೇ ಹೆಚ್ಚು. ಕೇರಳ ಸರ್ಕಾರದ ದೊಡ್ಡ ಬಹುಮಾನದ ವಿಶೇಷ ಲಾಟರಿಯಾದ 2024ರ ಓಣಂ ಬಂಪರ್‌ನ 25 ಕೋಟಿ ಮಂಡ್ಯ ಜಿಲ್ಲೆಗೆ ಬಂದ ಮೇಲೆ ಕಾಸರಗೋಡು, ಕೊಡಗಿನ ಪ್ರಶ್ನೆಗಳು ಒಳನಾಡಿಗೂ ಹಬ್ಬಿವೆ. ಒಂದೇ ಬಗೆಯವನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಕಾರುಣ್ಯ ಟಿಕೆಟ್ ಕೆಸಿ 482915 ಎಂದಿಟ್ಟುಕೊಳ್ಳಿ. ಮೊದಲ ಬಹುಮಾನ ಕೆಎಚ್ 482915ಕ್ಕೆ ಬಂದರೆ ಆರೂ ಅಂಕಿ ಕೂಡಿದಂತಾಯಿತಲ್ಲ? ಹಾಗಿದ್ದರೂ ದೊಡ್ಡ ಬಹುಮಾನ ಸಿಗುವುದಿಲ್ಲ ಅನ್ನುತ್ತಾರೆ. ಯಾಕೆ?
– ಬದಿಯಡ್ಕದ ಓದುಗರು

ಆ ಎರಡು ಅಕ್ಷರಗಳೂ (ಸೀರೀಸ್) ನಂಬರಿನ ಭಾಗವೇ. ಕೇರಳದ ವಾರದ ಲಾಟರಿಗಳನ್ನು 12 ಸೀರೀಸ್‌ಗಳಲ್ಲಿ ಮುದ್ರಿಸುತ್ತಾರೆ. ಒಂದೊಂದರಲ್ಲೂ 100000ದಿಂದ 999999ರ ವರೆಗೆ, ಅಂದರೆ 9 ಲಕ್ಷ ಟಿಕೆಟ್. ಹನ್ನೆರಡೂ ಸೇರಿ 1 ಕೋಟಿ 8 ಲಕ್ಷ. 482915 ಎಂಬ ನಂಬರಿನ ಟಿಕೆಟ್ ಹನ್ನೆರಡು ಇರುತ್ತವೆ, ಮೊದಲ ಬಹುಮಾನ ಅವುಗಳಲ್ಲಿ ಒಂದಕ್ಕೆ ಮಾತ್ರ. ಉಳಿದ ಹನ್ನೊಂದು ಟಿಕೆಟ್‌ಗಳಿಗೆ ಸಮಾಧಾನಕರ ಬಹುಮಾನವಿದೆ. ನಿಮ್ಮ ಟಿಕೆಟ್ ಆ ಹನ್ನೊಂದರಲ್ಲಿ ಒಂದು, ಹಾಗಾಗಿ ಅದನ್ನು ಎಸೆಯಬೇಡಿ. ಫಲಿತಾಂಶದಲ್ಲಿ ಮೊದಲ ಬಹುಮಾನದ ಕೆಳಗೇ ಉಳಿದ ಸೀರೀಸ್‌ಗಳ ಸಾಲು ಇರುತ್ತದೆ. ಒಂದು ಕೋಟಿಯ ಸಾಲಿನಲ್ಲಿ ತಮ್ಮ ಅಕ್ಷರ ಕಾಣದೆ ಪೇಪರ್ ಮಡಚಿಡುವವರು ಕಳೆದುಕೊಳ್ಳುವುದು ಇದನ್ನೇ.

ಅಕ್ಷರಗಳಲ್ಲಿ ಒಂದು ಚಿಕ್ಕ ಗಮ್ಮತ್ತಿದೆ. ಒಂದು ವಾರ ಎರಡನೇ ಅಕ್ಷರ ಎ ಇಂದ ಎಂ ತನಕ ಇರುತ್ತದೆ, ಒಂದರಂತೆ ಕಾಣುವ ಐ ಬಿಟ್ಟು. ಮರುವಾರ ಎನ್ ಇಂದ ಝಡ್ ತನಕ, ಕ್ಯೂ ಬಿಟ್ಟು. ಹೀಗಾಗಿ ಕೆಸಿ ಟಿಕೆಟನ್ನು ಮುಂದಿನ ವಾರದ ಫಲಿತಾಂಶದಲ್ಲಿ ಹುಡುಕಿದರೆ ಆ ಸೀರೀಸೇ ಸಿಗುವುದಿಲ್ಲ. ಕಾರುಣ್ಯ ಶನಿವಾರ, ಕಾರುಣ್ಯ ಪ್ಲಸ್ ಗುರುವಾರ. ಹೆಸರು ಹತ್ತಿರ, ಡ್ರಾ ಬೇರೆ. ಕಾರುಣ್ಯದ ಡ್ರಾ ಸಂಖ್ಯೆ ಕೆಆರ್ ಎಂದೂ ಪ್ಲಸ್‌ನದ್ದು ಕೆಎನ್ ಎಂದೂ ಆರಂಭವಾಗುತ್ತದೆ. ಮೊದಲು ಡ್ರಾ ಸಂಖ್ಯೆ ಮತ್ತು ದಿನಾಂಕ ತಾಳೆ ನೋಡಿ, ನಂಬರು ಆಮೇಲೆ.

ಪ್ರಶ್ನೆ: ಕೆಳಗಿನ ಬಹುಮಾನಗಳಿಗೆ ಬರೀ ನಾಲ್ಕು ಅಂಕಿ ಕೊಟ್ಟಿರುತ್ತಾರೆ. ಅದು ಎಲ್ಲಿ ಕೂಡಬೇಕು? 0291 ಅಂತ ಇದ್ದರೆ 291 ಸಾಕೇ?
– ಸುಳ್ಯದ ಓದುಗರು

ಕೊನೆಯ ನಾಲ್ಕು ಸ್ಥಾನಗಳಲ್ಲಿ, ಅದೇ ಕ್ರಮದಲ್ಲಿ ಕೂಡಬೇಕು. ಸೀರೀಸ್ ಮತ್ತು ಮೊದಲ ಎರಡು ಅಂಕಿ ಏನೇ ಇದ್ದರೂ ಸರಿ. 0291 ಬಂದಿದ್ದರೆ 560291ಕ್ಕೆ ಬಹುಮಾನವಿದೆ, 561291ಕ್ಕೆ ಇಲ್ಲ. ಸೊನ್ನೆಯೂ ಒಂದು ಅಂಕಿ. 029156ಕ್ಕೂ ಇಲ್ಲ ಅನ್ನಬೇಕಾಗಿಯೇ ಇಲ್ಲ, ಯಾಕೆಂದರೆ ಸೊನ್ನೆಯಿಂದ ಆರಂಭವಾಗುವ ಟಿಕೆಟ್ಟೇ ಇರುವುದಿಲ್ಲ.

ಬಹುಮಾನ ಯಾಕೆ ಇಷ್ಟು ಚಿಕ್ಕದು ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಒಂದು ಸೀರೀಸ್‌ನ 9 ಲಕ್ಷ ಟಿಕೆಟ್‌ಗಳಲ್ಲಿ 0291ರಲ್ಲಿ ಮುಗಿಯುವಂಥವು 90. ಹನ್ನೆರಡು ಸೀರೀಸ್‌ಗೆ 1,080. ಒಂದು ಸಲ ನಾಲ್ಕು ಅಂಕಿ ಎತ್ತಿದರೆ 1,080 ಟಿಕೆಟ್‌ಗಳಿಗೆ ಹಣ ಕೊಡಬೇಕು. 5,000 ರೂಪಾಯಿಯ ಬಹುಮಾನಕ್ಕೆ ಇಪ್ಪತ್ತು ಸಲ ಎತ್ತಿದರೆ 21,600 ಟಿಕೆಟ್, 10 ಕೋಟಿ 80 ಲಕ್ಷ ರೂಪಾಯಿ. ಜನ ಮೊದಲ ಬಹುಮಾನದ ಹಿಂದೆ ಹೋದರೂ ಬಹುಮಾನದ ಹಣದ ದೊಡ್ಡ ಪಾಲು ಹೋಗುವುದು ಈ ಕೊನೆಯ ನಾಲ್ಕಂಕಿಗಳಿಗೆ.

ಎಲ್ಲ ಹಂತ ಸೇರಿ ಒಂದು ಡ್ರಾದಲ್ಲಿ 250 ಸಲ ನಾಲ್ಕಂಕಿ ಎತ್ತುತ್ತಾರೆ ಎಂದು ಲೆಕ್ಕಕ್ಕೆ ಹಿಡಿಯಿರಿ. ಸಾಧ್ಯವಿರುವ ನಾಲ್ಕಂಕಿಗಳು ಹತ್ತು ಸಾವಿರ. ಅಂದರೆ ನಲವತ್ತು ಟಿಕೆಟ್‌ಗೆ ಒಂದಕ್ಕೆ ಏನಾದರೂ ಸಿಗುತ್ತದೆ, ಬಹುಪಾಲು ಅದು ಕೆಳಹಂತದ್ದು. 50 ರೂಪಾಯಿಯ ನಲವತ್ತು ಟಿಕೆಟ್‌ಗೆ ಎರಡು ಸಾವಿರ ಹಾಕಿ ನೂರೋ ಇನ್ನೂರೋ ಪಡೆಯುವುದು ಸಾಮಾನ್ಯ ಫಲಿತಾಂಶ. ಯಾವ ಹಂತಕ್ಕೆ ಎಷ್ಟು ಹಣ ಎಂಬುದು ಟಿಕೆಟ್‌ನಲ್ಲೇ ಮುದ್ರಿತವಾಗಿರುತ್ತದೆ. ಆಗಾಗ ಬದಲಾಗುವುದರಿಂದ ಹಳೆಯ ಟಿಕೆಟ್ಟಿನ ಪಟ್ಟಿ ಇಟ್ಟುಕೊಂಡು ಲೆಕ್ಕ ಹಾಕಬೇಡಿ.

ಪ್ರಶ್ನೆ: ತಲಪಾಡಿ ಗಡಿಯಾಚೆ ‘ಸೆಟ್’ ಅಂತ ಮಾರುತ್ತಾರೆ, ಎಲ್ಲದರಲ್ಲೂ ಕೊನೆಯ ನಾಲ್ಕು ಒಂದೇ. ಸೆಟ್ ಕೊಂಡರೆ ಗೆಲ್ಲುವ ಅವಕಾಶ ಹೆಚ್ಚೇ?
– ಉಳ್ಳಾಲದ ಓದುಗರು

ಇಲ್ಲ. ಬಂದರೆ ರಾಶಿಯಾಗಿ ಬರುತ್ತದೆ, ಅಷ್ಟೇ. ಒಂದೇ ಕೊನೆಯ ನಾಲ್ಕಿರುವ ಹನ್ನೆರಡು ಟಿಕೆಟ್ ನಿಮ್ಮಲ್ಲಿದ್ದು, ಆ ನಾಲ್ಕು 5,000ಕ್ಕೆ ಬಂದರೆ 60,000. ಆದರೆ ಆ ನಾಲ್ಕಕ್ಕೆ ಯಾವುದಾದರೂ ಬಹುಮಾನ ಬರುವ ಸಾಧ್ಯತೆ ಒಂದು ಟಿಕೆಟ್ಟಿನ ಸಾಧ್ಯತೆಯಷ್ಟೇ, ಮೇಲಿನ ಲೆಕ್ಕದಲ್ಲಿ ನಲವತ್ತಕ್ಕೆ ಒಂದು. ಬೇರೆಬೇರೆ ನಾಲ್ಕಿರುವ ಹನ್ನೆರಡು ಕೊಂಡಿದ್ದರೆ ಒಂದಕ್ಕಾದರೂ ಬೀಳುವ ಸಾಧ್ಯತೆ ಸುಮಾರು ಶೇ. 26, ಆದರೆ ಬಿದ್ದದ್ದಕ್ಕೆ ಮಾತ್ರ ಹಣ. ಸರಾಸರಿ ಎರಡರಲ್ಲೂ ಒಂದೇ. ಸೆಟ್ ಕೊಳ್ಳುವವರು ಹೆಚ್ಚು ದಿನ ಬರಿಗೈಯಲ್ಲಿ ಹೋಗುತ್ತಾರೆ, ಒಂದು ದಿನ ಊರಿಗೆಲ್ಲ ಸುದ್ದಿಯಾಗುತ್ತಾರೆ. ಸೆಟ್‌ಗೆ ಹೆಸರು ಬಂದಿರುವುದು ಆ ಒಂದು ದಿನದಿಂದ.

ಪ್ರಶ್ನೆ: ಡ್ರಾ ಎಲ್ಲಿ, ಹೇಗೆ ಮಾಡುತ್ತಾರೆ? ಮಾರಾಟವಾಗದ ಟಿಕೆಟ್‌ಗೆ ಬಹುಮಾನ ಬಂದರೆ?
– ಮಡಿಕೇರಿಯ ಓದುಗರು

ತಿರುವನಂತಪುರದ ಬೇಕರಿ ಜಂಕ್ಷನ್ ಹತ್ತಿರದ ಗೋರ್ಕಿ ಭವನದಲ್ಲಿ, ವಾರದ ಲಾಟರಿಗಳಿಗೆ ಮಧ್ಯಾಹ್ನ 3ಕ್ಕೆ, ತೀರ್ಪುಗಾರರ ಮುಂದೆ. ಗುಂಡಿ ಒತ್ತಿದರೆ ತಿರುಗಿ ನಿಲ್ಲುವ ಯಂತ್ರದಿಂದ ಅಂಕಿ ಎತ್ತುತ್ತಾರೆ. ಮೊದಲ ಬಹುಮಾನ ಮಾರಾಟವಾದ ಟಿಕೆಟ್‌ಗೇ ಹೋಗಬೇಕು. ಮಾರದ ನಂಬರು ಬಂದರೆ ಮತ್ತೆ ಎತ್ತಬೇಕಾಗುತ್ತದೆ.

‘ಮಾರಾಟ’ ಅಂದರೆ ಇಲಾಖೆಯಿಂದ ಏಜೆಂಟರಿಗೆ ಆದ ಮಾರಾಟ. ಏಜೆಂಟರು ದುಡ್ಡು ಕೊಟ್ಟು ತಂದ ಟಿಕೆಟ್ ಅಂಗಡಿಯಲ್ಲೇ ಉಳಿದರೆ ನಷ್ಟ ಅವರದು, ಬಹುಮಾನ ಬಂದರೆ ಅದೂ ಅವರದೇ. ಉಳಿದ ಟಿಕೆಟ್ಟಿಗೆ ಬಹುಮಾನ ಬಂದು ಮಾರುವವರೇ ಲಕ್ಷಾಧಿಪತಿಗಳಾದ ಸುದ್ದಿಗಳಲ್ಲಿ ಮೋಸವೇನೂ ಇಲ್ಲ.

ಪ್ರಶ್ನೆ: ಒಂದು ಕೋಟಿ ಬಂದರೆ ಕೈಗೆ ಎಷ್ಟು? ಒಬ್ಬರು 63 ಲಕ್ಷ ಅನ್ನುತ್ತಾರೆ, ಇನ್ನೊಬ್ಬರು 59 ಅನ್ನುತ್ತಾರೆ.
– ಪುತ್ತೂರು, ಗುಂಡ್ಲುಪೇಟೆ, ಮೈಸೂರಿನ ಓದುಗರು

ಇಬ್ಬರೂ ಸರಿ. ಒಬ್ಬರು ಬ್ಯಾಂಕಿಗೆ ಬಂದದ್ದನ್ನು ಹೇಳುತ್ತಿದ್ದಾರೆ, ಇನ್ನೊಬ್ಬರು ಕೊನೆಗೆ ಉಳಿಯುವುದನ್ನು.

ಮೊದಲು ಹೋಗುವುದು ಟಿಕೆಟ್ ಮಾರಿದ ಏಜೆಂಟರ ಕಮಿಷನ್. ಅದು ಬಹುಮಾನದಿಂದಲೇ ಮುರಿಯುತ್ತದೆ. ಶೇ. 10 ಎಂದು ಹಿಡಿದರೆ 10 ಲಕ್ಷ. ಈ ದರ ಬದಲಾಗುವಂಥದ್ದು, ಆ ಡ್ರಾದ ನಿಯಮ ನೋಡಿ. ಉಳಿದ 90 ಲಕ್ಷಕ್ಕೆ ಶೇ. 30 ಟಿಡಿಎಸ್ (ಹಣ ಕೊಡುವಾಗಲೇ ಮುರಿಯುವ ತೆರಿಗೆ), 27 ಲಕ್ಷ. ಖಾತೆಗೆ ಬರುವುದು 63 ಲಕ್ಷ.

ಬಹಳ ಜನ ಇಲ್ಲಿಗೆ ಲೆಕ್ಕ ಮುಗಿಯಿತು ಅಂದುಕೊಳ್ಳುತ್ತಾರೆ. ಟಿಡಿಎಸ್‌ನಲ್ಲಿ ಸರ್‌ಚಾರ್ಜ್ ಮತ್ತು ಸೆಸ್ (ತೆರಿಗೆಯ ಮೇಲೆ ಬೀಳುವ ಹೆಚ್ಚುವರಿ ತೆರಿಗೆಗಳು) ಸೇರಿರುವುದಿಲ್ಲ, ತೆರಿಗೆಯಲ್ಲಿ ಸೇರುತ್ತದೆ. ಆದಾಯ 50 ಲಕ್ಷ ದಾಟಿದ್ದರಿಂದ 27 ಲಕ್ಷದ ಮೇಲೆ ಶೇ. 10 ಸರ್‌ಚಾರ್ಜ್, 2.70 ಲಕ್ಷ. ಎರಡೂ ಸೇರಿದ 29.70 ಲಕ್ಷದ ಮೇಲೆ ಶೇ. 4 ಸೆಸ್, 1,18,800. ಒಟ್ಟು ತೆರಿಗೆ 30,88,800. ಆಗಲೇ 27 ಲಕ್ಷ ಮುರಿದಿದ್ದಾರೆ, ಉಳಿದ 3,88,800 ನೀವೇ ಕಟ್ಟಬೇಕು. ಕೊನೆಗೆ ಉಳಿಯುವುದು 59,11,200. ಬಹುಮಾನ ಬಂದ ನಂತರದ ಮೊದಲ ಮುಂಗಡ ತೆರಿಗೆ ಕಂತಿನಲ್ಲೇ ಕಟ್ಟಿಬಿಡಿ, ತಡವಾದರೆ ಬಡ್ಡಿ ಬೀಳುತ್ತದೆ. ‘ಬೇರೆ ಆದಾಯವೇ ಇಲ್ಲ, ವಿನಾಯಿತಿ ಮಿತಿ ಇದೆಯಲ್ಲ’ ಎಂಬ ವಾದ ನಡೆಯುವುದಿಲ್ಲ. ಲಾಟರಿ ಹಣಕ್ಕೆ ಆ ಮಿತಿಯೂ ಇಲ್ಲ, ಟಿಕೆಟ್ ಖರ್ಚನ್ನು ಕಳೆಯುವಂತೆಯೂ ಇಲ್ಲ.

ಬಂಪರ್‌ನಲ್ಲಿ ಈ ಅಂತರ ಕೋಟಿಗಳಲ್ಲಿ ಇರುತ್ತದೆ. 2022ರ ಓಣಂ ಬಂಪರ್‌ನ 25 ಕೋಟಿಯಲ್ಲಿ ಕಮಿಷನ್ 2.5 ಕೋಟಿ, ಟಿಡಿಎಸ್ 6.75 ಕೋಟಿ ಹೋಗಿ 15.75 ಕೋಟಿ. ಆಗಿನ ಶೇ. 37 ಸರ್‌ಚಾರ್ಜ್ ಮತ್ತು ಸೆಸ್ ಕಟ್ಟಿದ ಮೇಲೆ ಸುಮಾರು 12.88 ಕೋಟಿ. ಹೊಸ ತೆರಿಗೆ ಪದ್ಧತಿಯಲ್ಲಿ ಸರ್‌ಚಾರ್ಜ್ ಶೇ. 25ಕ್ಕೆ ನಿಂತಿದೆ. ದೊಡ್ಡ ಬಹುಮಾನ ಬಂದವರು ಯಾವ ಪದ್ಧತಿ ಆರಿಸಬೇಕೆಂದು ಲೆಕ್ಕಪರಿಶೋಧಕರನ್ನು ಕೇಳಿಯೇ ಮುಂದುವರಿಯಬೇಕು.

10,000 ರೂಪಾಯಿ ದಾಟದ ಬಹುಮಾನಕ್ಕೆ ಟಿಡಿಎಸ್ ಇಲ್ಲ. ತೆರಿಗೆ ಇಲ್ಲ ಎಂದಲ್ಲ, ರಿಟರ್ನ್‌ನಲ್ಲಿ ನೀವೇ ತೋರಿಸಬೇಕು.

ಪ್ರಶ್ನೆ: ನಾನು ಕರ್ನಾಟಕದವನು. ವಯನಾಡಿಗೆ ಹೋದಾಗ ಕೊಂಡ ಟಿಕೆಟ್‌ಗೆ ಬಹುಮಾನ ಬಂದರೆ ಕೊಡುತ್ತಾರೆಯೇ? ಏನೇನು ಮಾಡಬೇಕು?
– ನಂಜನಗೂಡಿನ ಓದುಗರು

ಕೊಡುತ್ತಾರೆ. ಕೊಂಡವರು ಯಾವ ರಾಜ್ಯದವರು ಎಂಬುದು ಅಡ್ಡಿಯಲ್ಲ, ಟಿಕೆಟ್ ಎಲ್ಲಿ ಮಾರಾಟವಾಯಿತು ಎಂಬುದು ಮುಖ್ಯ. ಕೇರಳದ ಟಿಕೆಟ್ ಕೇರಳದೊಳಗೆ ಮಾತ್ರ, ಕಾಗದದ ರೂಪದಲ್ಲಿ ಮಾತ್ರ ಮಾರಾಟ. ಮೈಸೂರಿಗೆ ಯಾರೋ ತಂದು ಹೆಚ್ಚು ದರಕ್ಕೆ ಕೊಟ್ಟದ್ದು ಅಕ್ರಮ. ಅಂಥ ಟಿಕೆಟ್ ಹಿಡಿದು ಹೋದರೆ ತಕರಾರಿಗೆ ದಾರಿಯಾಗುತ್ತದೆ.

ಫಲಿತಾಂಶ ನೋಡಿದ ಕೂಡಲೇ ಟಿಕೆಟ್‌ನ ಹಿಂಬದಿಯಲ್ಲಿ ಹೆಸರು, ವಿಳಾಸ ಬರೆದು ಸಹಿ ಹಾಕಿ. ಸಹಿಯಿಲ್ಲದ ಟಿಕೆಟ್ ಯಾರ ಕೈಯಲ್ಲಿದೆಯೋ ಅವರದು ಎಂದೇ ತಿಳಿಯಿರಿ. ಎರಡೂ ಬದಿಯ ಜೆರಾಕ್ಸ್ ತೆಗೆಸಿ. ಲ್ಯಾಮಿನೇಟ್ ಮಾಡಿಸಬೇಡಿ, ಮಡಚಿ ಜೇಬಿನಲ್ಲಿಟ್ಟು ಒಗೆಯಲು ಹಾಕಬೇಡಿ. ಹರಿದ, ತಿದ್ದಿದ, ಬಾರ್‌ಕೋಡ್ ಅಳಿಸಿದ ಟಿಕೆಟನ್ನು ತಿರಸ್ಕರಿಸಬಹುದು. ಫೋಟೋವನ್ನು ಸಾಮಾಜಿಕ ಜಾಲತಾಣಕ್ಕೆ ಹಾಕುವುದಂತೂ ಬೇಡವೇ ಬೇಡ, ಬಾರ್‌ಕೋಡ್ ಸಮೇತ ಬಣ್ಣದ ಜೆರಾಕ್ಸ್ ಮಾಡುವವರಿದ್ದಾರೆ.

5,000 ರೂಪಾಯಿ ತನಕದ್ದನ್ನು ಕೇರಳದ ಯಾವುದೇ ಲಾಟರಿ ಅಂಗಡಿಯಲ್ಲಿ ಪಡೆಯಬಹುದು. ಅದಕ್ಕಿಂತ ಹೆಚ್ಚಿನದಕ್ಕೆ ಗುರುತಿನ ಚೀಟಿಯೊಂದಿಗೆ ಬ್ಯಾಂಕಿಗೋ ಲಾಟರಿ ಕಚೇರಿಗೋ ಟಿಕೆಟ್ ಒಪ್ಪಿಸಬೇಕು. ಒಂದು ಲಕ್ಷದ ತನಕ ಜಿಲ್ಲಾ ಲಾಟರಿ ಕಚೇರಿ, ಅದರ ಮೇಲೆ ತಿರುವನಂತಪುರದ ನಿರ್ದೇಶನಾಲಯ. ದೂರದವರಿಗೆ ಬ್ಯಾಂಕ್ ಮೂಲಕವೇ ಸುಲಭ. ಜೊತೆಗೆ ಬೇಕಾದವು: ದೃಢೀಕರಿಸಿದ ಎರಡು ಫೋಟೋ, ಟಿಕೆಟ್‌ನ ದೃಢೀಕೃತ ಪ್ರತಿ, ಗುರುತಿನ ದಾಖಲೆ, ಪ್ಯಾನ್, ರೆವೆನ್ಯೂ ಸ್ಟಾಂಪ್ ಹಚ್ಚಿ ಸಹಿ ಹಾಕಿದ ರಶೀದಿ. ದೃಢೀಕರಣಕ್ಕೆ ಗೆಜೆಟೆಡ್ ಅಧಿಕಾರಿ ಅಥವಾ ನೋಟರಿ.

ಗಡುವು ಡ್ರಾ ದಿನದಿಂದ 30 ದಿನ. ಪೇಪರ್‌ನ ಫಲಿತಾಂಶದಲ್ಲಿ ಅಚ್ಚಿನ ತಪ್ಪಿರಬಹುದು. ಕೇರಳ ಸರ್ಕಾರದ ಗೆಜೆಟ್‌ನಲ್ಲಿ ಬಂದದ್ದೇ ಕಡೆಯ ಮಾತು.

ಪ್ರಶ್ನೆ: ಕೆಲಸದ ಜಾಗದಲ್ಲಿ ಐದು ಜನ ಸೇರಿ ಬಂಪರ್ ಕೊಳ್ಳುತ್ತೇವೆ. ಬಂದರೆ ಹಂಚುವುದು ಹೇಗೆ?
– ಮಂಜೇಶ್ವರದ ಓದುಗರು

ಬಂದ ಮೇಲೆ ಯೋಚಿಸಿದರೆ ಜಗಳವೇ. ಕೊಂಡ ದಿನವೇ ಟಿಕೆಟ್ ನಂಬರು, ಯಾರು ಎಷ್ಟು ಹಾಕಿದ್ದಾರೆ ಎಂದು ಒಂದು ಹಾಳೆಯಲ್ಲಿ ಬರೆದು ಐವರೂ ಸಹಿ ಹಾಕಿ. 2023ರ ಮಾನ್ಸೂನ್ ಬಂಪರ್‌ನ 10 ಕೋಟಿ ಮಲಪ್ಪುರಂ ಜಿಲ್ಲೆಯ ಪರಪ್ಪನಂಗಾಡಿಯ ಮನೆಮನೆಯ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ 11 ಮಹಿಳೆಯರಿಗೆ ಬಂತು. 250 ರೂಪಾಯಿಯ ಒಂದು ಟಿಕೆಟ್‌ಗೆ ಒಂಬತ್ತು ಮಂದಿ ತಲಾ 25, ಇಬ್ಬರು ತಲಾ 12.50 ಹಾಕಿದ್ದರು. ನಿಮ್ಮ ಹಾಳೆಯಲ್ಲಿ ಇರಬೇಕಾದ್ದೂ ಇಂಥದ್ದೇ ವಿವರ.

ಬಹುಮಾನ ಬಂದರೆ ಮುದ್ರಾಂಕ ಕಾಗದದಲ್ಲಿ ಒಪ್ಪಂದ ಬರೆಸಿ ಜಂಟಿಯಾಗಿಯೇ ಅರ್ಜಿ ಹಾಕಿ. ಒಬ್ಬರ ಹೆಸರಲ್ಲಿ ಪಡೆದು ಆಮೇಲೆ ಹಂಚಿದರೆ ಟಿಡಿಎಸ್ ಪೂರ್ತಿ ಅವರ ಪ್ಯಾನ್‌ಗೆ ಬೀಳುತ್ತದೆ, ಆದಾಯವೂ ಅವರದೇ ಎಂದಾಗಿ ಸರ್‌ಚಾರ್ಜ್ ಏರುತ್ತದೆ.

ಪ್ರಶ್ನೆ: ಯೂಟ್ಯೂಬ್‌ನಲ್ಲಿ ‘ಇವತ್ತಿನ ಗೆಸ್ಸಿಂಗ್’ ನಂಬರ್ ಕೊಡುತ್ತಾರೆ. ಕೆಲವು ನಾಲ್ಕಂಕಿಗಳು ಮತ್ತೆ ಮತ್ತೆ ಬರುತ್ತವೆ ಎಂದು ಚಾರ್ಟ್ ತೋರಿಸುತ್ತಾರೆ. ಚಾರ್ಟ್ ಸುಳ್ಳೇ?
– ವಿರಾಜಪೇಟೆಯ ಓದುಗರು

ಚಾರ್ಟ್ ನಿಜವೇ ಇರಬಹುದು, ಅದರಿಂದ ಏನೂ ತಿಳಿಯುವುದಿಲ್ಲ. ದಿನಕ್ಕೆ 250 ನಾಲ್ಕಂಕಿ, ವಾರಕ್ಕೆ ಏಳು ಡ್ರಾ, ವರ್ಷಕ್ಕೆ 52 ವಾರ: ಒಟ್ಟು 91,000. ಹತ್ತು ಸಾವಿರ ನಾಲ್ಕಂಕಿಗಳಿಗೆ ಹಂಚಿದರೆ ಸರಾಸರಿ ಒಂದೊಂದಕ್ಕೆ ಒಂಬತ್ತು ಸಲ. ಯಂತ್ರ ಪೂರ್ತಿ ಪ್ರಾಮಾಣಿಕವಾಗಿದ್ದರೂ ಹತ್ತು ಸಾವಿರದಲ್ಲಿ ಸುಮಾರು ಹನ್ನೆರಡು 20 ಅಥವಾ ಅದಕ್ಕಿಂತ ಹೆಚ್ಚು ಸಲ ಬಂದೇ ಬರುತ್ತವೆ, ಒಂದೆರಡು ವರ್ಷವಿಡೀ ಮುಖ ತೋರಿಸದಿರಬಹುದು. ಚಾರ್ಟ್ ಮಾಡುವವರು ಆ ಹನ್ನೆರಡನ್ನು ಹೆಕ್ಕಿ ‘ಪವರ್ ನಂಬರ್’ ಅನ್ನುತ್ತಾರೆ. ನಾಳೆಯ ಡ್ರಾಗೆ ನಿನ್ನೆಯದರ ನೆನಪಿಲ್ಲ. ಬೇಕಾದರೆ ನೋಡಿ, ಮುಂದಿನ ವರ್ಷದ ಹನ್ನೆರಡು ಬೇರೆಯೇ ಆಗಿರುತ್ತವೆ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ಮಗ ಪವರ್‌ಬಾಲ್ ಟಿಕೆಟ್ ಕೊಂಡಿದ್ದ. ಕೆಂಪು ಚೆಂಡು 26ರಲ್ಲಿ ಒಂದು. ಅದೊಂದೇ ಕೂಡಿದರೆ 4 ಡಾಲರ್. ಆದರೆ ಅವಕಾಶ 38ಕ್ಕೆ ಒಂದು ಎಂದು ಬರೆದಿದ್ದಾರೆ. 26 ಇರಬೇಕಲ್ಲವೇ?
– ಶಿವಮೊಗ್ಗದ ಓದುಗರು

ಒಳ್ಳೆಯ ಪ್ರಶ್ನೆ. ‘ಅದೊಂದೇ’ ಎಂಬ ಮಾತಿನಲ್ಲೇ ಉತ್ತರವಿದೆ. ಪವರ್‌ಬಾಲ್‌ನಲ್ಲಿ 69 ಬಿಳಿ ಚೆಂಡುಗಳಿಂದ ಐದು, 26 ಕೆಂಪು ಚೆಂಡುಗಳಿಂದ ಒಂದು ಎತ್ತುತ್ತಾರೆ. ಕೆಂಪು ಮಾತ್ರ ಕೂಡಬೇಕಾದರೆ ಐದು ಬಿಳಿಯೂ ತಪ್ಪಬೇಕು. ಬಿಳಿ ಐದನ್ನು ಆರಿಸುವ ಬಗೆಗಳು 1,12,38,513. ಅವುಗಳಲ್ಲಿ ನಿಮ್ಮ ಒಂದೂ ಸೇರದಿರುವವು 76,24,512, ಸುಮಾರು ಶೇ. 68. ಅದನ್ನು 26ರಿಂದ ಭಾಗಿಸಿದರೆ 38.3ಕ್ಕೆ ಒಂದು. ಉಳಿದ ಶೇ. 32ರಲ್ಲಿ ಕೆಂಪಿನ ಜೊತೆ ಬಿಳಿಯೂ ಕೂಡಿರುತ್ತದೆ, ಅದು ಬೇರೆ ಹಂತ. ಕೆಂಪು ಮತ್ತು ಒಂದು ಬಿಳಿಗೆ ಅದೇ 4 ಡಾಲರ್, ಎರಡು ಬಿಳಿಗೆ 7, ಮೂರಕ್ಕೆ 100, ನಾಲ್ಕಕ್ಕೆ 50,000. ಕೆಂಪಿಲ್ಲದೆ ಐದು ಬಿಳಿ ಕೂಡಿದರೆ ಹತ್ತು ಲಕ್ಷ ಡಾಲರ್. ಆರೂ ಕೂಡುವ ಸಾಧ್ಯತೆ 29,22,01,338ಕ್ಕೆ ಒಂದು.

ಕೇರಳದ ಟಿಕೆಟ್‌ಗೂ ಇದಕ್ಕೂ ಮುಖ್ಯ ವ್ಯತ್ಯಾಸ: ಅಲ್ಲಿ ಸೀರೀಸ್ ಸಮೇತ ಒಂದು ನಂಬರು ಒಂದೇ ಟಿಕೆಟ್‌ನಲ್ಲಿ ಅಚ್ಚಾಗಿರುತ್ತದೆ, ಇಲ್ಲಿ ಅದೇ ಆರು ಅಂಕಿಗಳನ್ನು ನೂರು ಜನ ಆರಿಸಿರಬಹುದು. ಜಾಕ್‌ಪಾಟ್ ಅಷ್ಟೂ ಜನಕ್ಕೆ ಹಂಚಿಹೋಗುತ್ತದೆ. ಹುಟ್ಟುಹಬ್ಬದ ತಾರೀಖು ಆರಿಸುವವರು 31ರ ಒಳಗೇ ಸುತ್ತುತ್ತಾರೆ, ಹಾಗಾಗಿ ಆ ಕಡೆ ಗುಂಪು ಜಾಸ್ತಿ. 31 ದಾಟಿದ ಅಂಕಿ ಹಾಕಿದರೆ ಗೆಲ್ಲುವ ಅವಕಾಶ ಹೆಚ್ಚುವುದಿಲ್ಲ, ಗೆದ್ದರೆ ಪಾಲುದಾರರು ಕಡಿಮೆಯಾಗಬಹುದು. ಘೋಷಿಸುವ ದೊಡ್ಡ ಮೊತ್ತ 29 ವರ್ಷಗಳಲ್ಲಿ 30 ಕಂತಾಗಿ ಬರುವಂಥದ್ದು. ಒಟ್ಟಿಗೆ ಬೇಕೆಂದರೆ ಅದಕ್ಕಿಂತ ಸಾಕಷ್ಟು ಕಡಿಮೆ.

ಮಗ ಅಲ್ಲಿ ಕೊಳ್ಳಲಿ. ನೀವು ಶಿವಮೊಗ್ಗದಿಂದ ಟಿಕೆಟ್‌ಗೆಂದು ಹಣ ಕಳಿಸಬೇಡಿ. ಲಾಟರಿ ಟಿಕೆಟ್ ಕೊಳ್ಳಲು ವಿದೇಶಕ್ಕೆ ಹಣ ಕಳಿಸುವುದಕ್ಕೆ ವಿದೇಶಿ ವಿನಿಮಯ ಕಾಯ್ದೆಯ (ಫೆಮಾ) ನಿಯಮಗಳಲ್ಲಿ ನಿಷೇಧವಿದೆ.

ಪ್ರಶ್ನೆ: ಕೇರಳ ಮೊದಲ ಬಹುಮಾನದ ಕೊನೆಯ ಮೂರಂಕಿ ಊಹಿಸಿ ಹೇಳಿದರೆ ಹಣ ಪಡೆದು ಬರೆದುಕೊಳ್ಳುವವರಿದ್ದಾರೆ. ಹತ್ತು ರೂಪಾಯಿಗೆ ಐದು ಸಾವಿರವಂತೆ. ಇದೂ ಸರ್ಕಾರದ್ದೇ?
– ಹೆಸರು ಬೇಡ ಎಂದ ಓದುಗರು

ಅಲ್ಲ, ಬರೀ ಜೂಜು. ಮೂರಂಕಿಗೆ ಸಾವಿರ ಸಾಧ್ಯತೆ, ಕೊಡುವುದು ಐನೂರು ಪಟ್ಟು. ಹಾಕಿದ್ದರಲ್ಲಿ ಅರ್ಧ ಬರೆದುಕೊಂಡವರ ಪಾಲು. ನಿಮಗೆ ಸಿಗುವುದು ಒಂದು ಚೀಟಿ, ದೂರು ಕೊಡಲು ಕಚೇರಿಯಿಲ್ಲ. 1998ರ ಲಾಟರಿ ನಿಯಂತ್ರಣ ಕಾಯ್ದೆಯಡಿ ಒಂದಂಕಿ ಲಾಟರಿಯನ್ನು ರಾಜ್ಯ ಸರ್ಕಾರವೂ ನಡೆಸುವಂತಿಲ್ಲ. ವರ್ಷಕ್ಕೆ ಆರಕ್ಕಿಂತ ಹೆಚ್ಚು ಬಂಪರ್‌ಗೂ ಅದೇ ಕಾಯ್ದೆಯಲ್ಲಿ ತಡೆಯಿದೆ. ಕಾಯ್ದೆ ಮೀರಿ ಲಾಟರಿ ವಹಿವಾಟು ನಡೆಸುವವರಿಗೆ ಎರಡು ವರ್ಷದ ತನಕ ಕಠಿಣ ಸಜೆಯಾಗಬಹುದು.

ಪ್ರಶ್ನೆ: ಕೇರಳ ಲಾಟರಿಯಲ್ಲಿ 5 ಲಕ್ಷ ಬಂದಿದೆ, ತೆರಿಗೆ 12,000 ಮೊದಲು ಕಟ್ಟಿ ಎಂದು ವಾಟ್ಸ್‌ಆಪ್ ಬಂತು. ಟಿಕೆಟ್ ಫೋಟೋ ಕೂಡ ಕಳಿಸಿದ್ದಾರೆ.
– ಹಾಸನದ ಓದುಗರು

ಕಟ್ಟಬೇಡಿ. ಬಹುಮಾನ ಕೊಡುವವರು ತೆರಿಗೆಯನ್ನು ಬಹುಮಾನದಿಂದ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ, ಮೊದಲು ಕೇಳುವುದಿಲ್ಲ. ಕೇರಳ ಲಾಟರಿಗೆ ಆನ್‌ಲೈನ್ ಮಾರಾಟವೂ ಇಲ್ಲ, ಹಾಗಾಗಿ ಆ ಟಿಕೆಟ್ ‘ನಿಮ್ಮ ಹೆಸರಲ್ಲಿ’ ಇರಲು ದಾರಿಯೇ ಇಲ್ಲ. ಈಗಾಗಲೇ ಕಳಿಸಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ಜಿಗಿಯುವ ಮೊದಲು ದೂರು ದಾಖಲಾದರೆ ತಡೆಹಿಡಿಯಲು ಸಾಧ್ಯವಿರುತ್ತದೆ. ಕರೆ ಮಾಡುವಾಗ ವಹಿವಾಟಿನ ಯುಟಿಆರ್ ಸಂಖ್ಯೆ (ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ) ಕೈಯಲ್ಲಿರಲಿ, ಮೊದಲು ಕೇಳುವುದು ಅದನ್ನೇ.